ಯಾವ ಪುಣ್ಯಾತ್ಮ ಮಾಡ್ಯಾನ್ರಿ ಈ ವೈರಿಂಗ್?

ಮನಿ ಮನಿಗೆ ಹೋಗಿ ವೈರಿಂಗ್ ತಪಾಸಣಿ ಮಾಡೂ ಕೆಲಸದಾಗ ಏನಿಲ್ಲಂದ್ರೂ ನಗಿಗೆ ಬರ ಇಲ್ಲ. ಪುಣೆದಾಗ ಹದಿನೈದು ವರ್ಷದ ಮ್ಯಾಲ ಇದ ಕೆಲಸ ಮಾಡೀನಿ. ಬಿಜಾಪುರ ಕಡಿಂದ ಬಂದಾಗ ಕೈಯಾಗ ಒಂದು ಐಟಿಐ ಸರ್ಟಿಫಿಕೇಟ್, ಒಂದು ಟೆಸ್ಟರ್, ಒಂದು ಪಕ್ಕಡ ಇತ್ತು. ಕರೆಂಟಿನ ಸಾಮಾನು ಮಾರೂ ಒಂದು ಅಂಗಡಿಯವ್ರು ನನ್ನ ಕೆಲಸಕ್ಕ ಹಚ್ಚಿಕೊಂಡ್ರು. ಮಂದಿ ಅಂಗಡಿಗೆ ಫೋನ್ ಮಾಡ್ತಾರ, ಮಾಲಕರು ಚೀಟಿ ಮ್ಯಾಲ ವಿಳಾಸ ಬರದು ಕೊಡ್ತಾರ, ನಾನು ಸೈಕಲ್ ಹತ್ತಿ ಹೋಗ್ತೀನಿ. ಒಳಗ ಏನು ಕಾದದ ಅನ್ನೂದು ಬಾಗಲಾ ತಗದ ಮ್ಯಾಲ ಗೊತ್ತು.

ನಮ್ಮ ಕಸಬಿನಾಗ ಒಂದು ಪದ್ಧತಿ ಅದ. ಯಾರ ಮನಿಗೆ ಹೋದ್ರೂ ಮೊದಲು ಬೋರ್ಡ್ ಬಿಚ್ಚಬೇಕು, ಎರಡು ಸಲ ತಲಿ ಅಲ್ಲಾಡಸಬೇಕು, ಆಮ್ಯಾಲ "ಯಾವ ಪುಣ್ಯಾತ್ಮ ಮಾಡ್ಯಾನ್ರಿ ಈ ವೈರಿಂಗ್?" ಅಂತ ಕೇಳಬೇಕು. ಹಿಂದಿನಾಂವ ಎಷ್ಟ ಛಲೋ ಮಾಡಿರಲಿ, ಕೇಳೂದು ಕೇಳೂದ. ನನಗ ಕೆಲಸ ಕಲಿಸಿದ ಮಿಸ್ತ್ರಿನೂ ಕೇಳತಿದ್ದ, ಅಂವನ ಮಿಸ್ತ್ರಿನೂ ಕೇಳಿರಬೇಕು. ನಾನು ಕನ್ನಡ, ಮರಾಠಿ, ಹಿಂದಿ ಮೂರರಾಗೂ ಕೇಳೀನಿ.

ಈ ಮಾತಿನಿಂದ ನಾನು ಹ್ಯಾಂಗ ಸಿಕ್ಕಿಬಿದ್ದೆ ಅನ್ನೂದು ಕಡೀಗೆ ಬರ್ತದ. ಅದು ನಮ್ಮ ಮನಿ ಬಚ್ಚಲದ ಗೀಜರ್ ಕಥಿ, ಅದ್ರಾಗ ನನ್ನ ಮಗಳ ಜೀವದ ಪ್ರಶ್ನೆ ಇತ್ತು. ಮೊದಲು ಬ್ಯಾರೆ ಮಂದಿ ಮನಿಗೆ ಹೋಗೂಣು, ಅಲ್ಲಿ ನಗೂದು ಸಲೀಸು.

೧. ಹನ್ನೆರಡು ವರ್ಷದ ಫ್ಯೂಸ್

ನಾನು ಪುಣೆಗೆ ಬಂದ ಹೊಸತು. ಗದಗ ಕಡೀ ಒಬ್ರು ಬಟ್ಟಿ ವ್ಯಾಪಾರಿ, ಪೇಟೆ ಒಳಗ ಹಳೇ ಕಟ್ಟಿಗಿ ಮನಿ. ಗ್ವಾಡಿ ಬಿಸಿ ಹತ್ತತದ ಅಂತ ಕರಸಿದ್ರು. ಕೈ ಇಟ್ಟು ನೋಡಿದೆ. ಮ್ಯಾಲ ರೊಟ್ಟಿ ಬಡದು ಹಾಕಿದ್ರ ಬೇಯೂ ಹಂಗಿತ್ತು.

"ಕರೆಂಟಿನ ತಪ್ಪು ಇರಾಕಿಲ್ಲ," ಅಂದ್ರು ಸಾಹುಕಾರ್ರು. "ನಮ್ಮ ಮನ್ಯಾಗ ಹನ್ನೆರಡು ವರ್ಷದಾಗ ಫ್ಯೂಸ್ ಒಂದ ಸಲಾನೂ ಹೋಗಿಲ್ಲ, ಕೇಳಿಲ್ಲೆ!"

ನನಗ ಅಲ್ಲೇ ಸಂಶಯ ಬಂತು. ಪಿಂಗಾಣಿ ಫ್ಯೂಸ್ ಕಿತ್ತು ನೋಡಿದ್ರ, ಕೂದಲಿನಂಥಾ ತಂತಿ ಇರೂ ಜಾಗಾದಾಗ ಬಟ್ಟಿ ಮೂಟಿ ಬಿಗಿಯೂ ಕಬ್ಬಿಣದ ತಂತಿ! ಎರಡು ಸುತ್ತು, ಮ್ಯಾಲ ಒಂದು ಗಂಟು ಬ್ಯಾರೆ.

"ಯಾವ ಪುಣ್ಯಾತ್ಮ ಮಾಡ್ಯಾನ್ರಿ ಇದನ್ನ?"

ಸಾಹುಕಾರ್ರು ಎದಿ ಮ್ಯಾಲ ಕೈ ಇಟ್ಟುಕೊಂಡ್ರು. "ನಾನ! ವಾರಕ್ಕೊಮ್ಮೆ ಫ್ಯೂಸ್ ಹೋಗೂ ಕಾಟ ತಪ್ಪಿತು ನೋಡು."

ನಾನು ತಿಳಿಸಿ ಹೇಳಿದೆ. "ಸಾಹುಕಾರ್ರ, ಫ್ಯೂಸ್ ಇರೂದ ಸಾಯಾಕ. ಕರೆಂಟ್ ಜಾಸ್ತಿ ಆತಂದ್ರ ಅದು ಸತ್ತು ಮನಿ ಉಳಸ್ತದ. ನಿಮ್ಮದು ಸಾಯಂಗಿಲ್ಲ. ಒಳಗಿನ ವೈರ್ ಸುಟ್ಟು, ಮನಿ ಸುಟ್ಟು, ಎಲ್ಲಾ ಬೂದಿ ಆದ್ರೂ ಇದೊಂದು ಹಂಗ ಉಳೀತದ."

ಸಾಹುಕಾರ್ರು ತಂತಿ ಕೈಯಾಗ ಹಿಡಕೊಂಡು ತಿರುವಿ ತಿರುವಿ ನೋಡಿದ್ರು. ಹೆದರ್ಯಾರ, ಇನ್ನ ಇಡೀ ವೈರಿಂಗ್ ಬದಲಿ ಮಾಡು ಅಂತಾರ ಅಂತ ನಾನು ಕಾಯ್ದೆ.

"ಹಂಗಾರ," ಅಂದ್ರು, "ಇದ ಸಾಮಾನಿನ ತಿಜೂರಿ ಎಲ್ಲಿ ಸಿಗ್ತದ ಹೇಳು."

೨. ಅಂಗಳದ ದೇವರು

ಕರೆಂಟ್ ದಾರಿ ತಪ್ಪಿ ಮಿಕ್ಸರಿಗೋ ಗೀಜರಿಗೋ ಬಂತಂದ್ರ, ಮನುಷ್ಯಾನ ಮೈಯಾಗ ಹೊಕ್ಕೊಳ್ಳದ ಸೀದಾ ಮಣ್ಣಿಗೆ ಹೋಗ್ಲಿ ಅಂತ ಒಂದು ಹಸಿರು ವೈರ್ ಹಾಕ್ತೀವಿ. ಅದಕ್ಕ ಅರ್ಥ್ ಅಂತೀವಿ. ಆ ವೈರ್ ಅಂಗಳದಾಗ ಒಂದು ಕುಣಿಗೆ ಹೋಗ್ತದ. ಕುಣ್ಯಾಗ ಉಪ್ಪು, ಇದ್ದಲಿ. ಬ್ಯಾಸಗಿಯೊಳಗ ಅದು ಒಣಗಿದ್ರ ಅರ್ಥ್ ಕೆಲಸ ಮಾಡಂಗಿಲ್ಲ, ವಾರಕ್ಕೆರಡು ಬಕೆಟ್ ನೀರು ಹಾಕಬೇಕು. ಯಾರು ಹಾಕ್ತಾರ? ಪುಣೆದಾಗ ಬ್ಯಾಸಗಿಗೆ ಕುಡಿಯೂ ನೀರಿಗೇ ಜಗಳ.

ಎಂಟು ಸಂಸಾರದ ಒಂದು ವಾಡೆದಾಗ ಎಲ್ಲಾರಿಗೂ ಹೇಳಿ ಹೇಳಿ ಸಾಕಾತು. ಕಡೀಗೆ ಕಲಬುರ್ಗಿ ಕಡೀ ಒಬ್ಬಾಕಿ ಅಜ್ಜಿಗೆ ಹೇಳಿದೆ. ಅಜ್ಜಿ ಮೈಲಾರಲಿಂಗನ ಒಕ್ಕಲು, ವರ್ಷಾ ಅಂವನ ಜಾತ್ರಿಗೆ ಜೇಜುರಿಗೆ ಹೋಗಾಕಿ. "ಅಜ್ಜಿ, ಈ ಕುಣಿ ಈ ಎಂಟೂ ಮನಿ ಕಾಯ್ತದ. ಇದಕ್ಕ ನೀರು ತಪ್ಪಿಸಬ್ಯಾಡ್ರಿ," ಅಂದೆ. ಅಷ್ಟ ನಾನು ಹೇಳಿದ್ದು, ಮೈಲಾರನ ಆಣಿ!

ಮುಂದಿನ ವರ್ಷ ತಪಾಸಣಿಗೆ ಹೋದೆ. ಕುಣಿ ಸುತ್ತ ರಂಗೋಲಿ. ಮುಚ್ಚಳದ ಮ್ಯಾಲ ಜೇಜುರಿ ಭಂಡಾರದ ಅರಿಷಿಣ, ಹೂವು, ಅರ್ಧ ಒಡದ ತೆಂಗಿನಕಾಯಿ. ಬಾಜೂಕ ಸ್ಕೂಟರ್ ನಿಂದ್ರಸಾಕ ಬಂದಾಂವನ ಅಜ್ಜಿ ಬಡಿಗಿ ತಗೊಂಡು ಓಡಿಸ್ತಿದ್ಲು. ನಾನು ಮೀಟರ್ ಹಚ್ಚಿ ನೋಡಿದೆ. ಅಂಥಾ ಛಲೋ ಅರ್ಥ್ ನಾನು ಜನ್ಮದಾಗ ನೋಡಿರಲಿಲ್ಲ. ಪೂಜಿ ಬಿಡ್ರಿ ಅನ್ನಾಕ ಬಾಯಿ ಬರಲಿಲ್ಲ.

"ಪಾ, ಒಂದು ಕೇಳತೀನಿ," ಅಂದ್ಲು ಅಜ್ಜಿ. "ಇದು ಯಾತರಿಂದ ಕಾಯೂ ದೇವರು?"

"ಕರೆಂಟಿನಿಂದ ಕಾಯ್ತದ ಅಜ್ಜಿ."

ಆ ವರ್ಷ ಲೋಡ್ ಶೆಡ್ಡಿಂಗ್ ಜೋರಿತ್ತು. ಅಜ್ಜಿ ವಿಚಾರ ಮಾಡಿ ಕೇಳಿದ್ಲು: "ಹಂಗಾರ ಕರೆಂಟ್ ಇಲ್ಲದ ದಿನ ನೈವೇದ್ಯ ಬ್ಯಾಡೇನು?"

ಅದ ಬ್ಯಾಸಗಿಯೊಳಗ ನಾವು ಎರಡು ಖೋಲಿಯ ಒಂದು ಬಾಡಿಗಿ ಮನಿಗೆ ಹೋದ್ವಿ. ಬಚ್ಚಲದಾಗ ಗೀಜರ್ ನಾನ ಹಾಕಿದೆ, ಆ ವಾಡೆದ ತಪಾಸಣಿ ಮುಗಿಸಿ ಬಂದ ದಿನಾನ. ನೋಡಿದ್ರ ಬಚ್ಚಲದ ಬೋರ್ಡಿನ ತನಕಾ ಅರ್ಥ್ ವೈರ್ ಬಂದಿರಲಿಲ್ಲ. ಕೈಯಾಗೂ ವೈರ್ ಇರಲಿಲ್ಲ. ಗೀಜರಿನ ಹಸಿರು ವೈರಿಗೆ ಟೇಪ್ ಸುತ್ತಿ ಒಳಗ ತುರುಕಿ, "ನಾಳೆ ಜೋಡಸ್ತೀನಿ" ಅಂದೆ. ಎಂಟು ಮನಿ ಅರ್ಥ್ ನೋಡಿ ಬಂದಾಂವ ಅವತ್ತ ಸಂಜಿಕೆ ಮಾಡಿದ ಕೆಲಸ ಇದು.

೩. ಫ್ರಿಜ್ಜಿನ ಚಪ್ಪಲಿ

ಆ ವರ್ಷ ದೀಪಾವಳಿ ಆದ ಮ್ಯಾಲಿನ ಮಾತು. ಧಾರವಾಡ ಕಡೀ ಒಬ್ರು ಕ್ಲಾರ್ಕ್ ಮನಿ. ಚಪ್ಪಲಿ ಹೊರಗ ಬಿಟ್ಟು ಒಳಗ ಹೋದೆ. ಅಡಗಿ ಮನಿ ನೋಡಿದ್ರ ಫ್ರಿಜ್ಜಿನ ಮುಂದ ಒಂದು ಜೋಡಿ ರಬ್ಬರ್ ಚಪ್ಪಲಿ! ಮಡಿ ಮನಿ, ಅಡಗಿ ಮನ್ಯಾಗ ಚಪ್ಪಲಿ ಹ್ಯಾಂಗ ಅಂತ ಕೇಳಿದೆ.

"ಅವು ಫ್ರಿಜ್ಜಿನ್ವು," ಅಂದ್ರು ಮನಿ ಯಜಮಾನಿ. ಮೊಸರು ತಗಿಯೂದಿದ್ರ ಶಾಕ್ ಹೊಡೀಬಾರದಂತ ಅವನ್ನ ಹಾಕ್ಕೋಬೇಕು, ಬಾಗಲಾ ಮುಚ್ಚಿದ ಮ್ಯಾಲ ಬಿಡಬೇಕು. ಹನ್ನೊಂದು ವರ್ಷದಿಂದ ಹಂಗ ನಡದದ.

ಮನಿಗೆ ಬಂದ ಹೊಸಾ ಸೊಸಿ ಭೋರ್ ಕಡೀ ಹುಡುಗಿ, ಮರಾಠಿ ಮನೆತನ. ಆರು ತಿಂಗಳಿಂದ ತಪ್ಪದ ಚಪ್ಪಲಿ ಹಾಕ್ಕೊಂಡು ಹಾಲು ತಗೀತಿದ್ಲು. ಶಾಕಿನ ಸುದ್ದಿ ಆಕೀಗೆ ಯಾರೂ ಹೇಳಿರಲಿಲ್ಲ. ಕರ್ನಾಟಕದ ಮಂದಿಯೊಳಗ ಇದೊಂದು ಪದ್ಧತಿ ಇರಬೇಕು ಅಂತ ತಿಳದು, ತವರಮನಿಗೆ ಹೋದಾಗ ತಾಯಿಗೂ ಹೇಳಿ ಬಂದಿದ್ಲಂತ.

ಫ್ರಿಜ್ಜಿನ ಅರ್ಥ್ ಸರಿ ಮಾಡಿದೆ. ನಾನ ಬರಿಗಾಲಿಲೆ ನಿಂತು ಬಾಗಲಾ ತಗದು, ಕೈ ಇಟ್ಟು ತೋರಿಸಿದೆ. ಎಲ್ಲಾರೂ ಬರಿಗಾಲಿಲೆ ಒಬ್ಬೊಬ್ರ ಮುಟ್ಟಿ ನೋಡಿದ್ರು. ವಾರದ ಮ್ಯಾಲ ಬಿಟ್ಟು ಹೋದ ಟೆಸ್ಟರ್ ತರಾಕ ಹೋದೆ. ಚಪ್ಪಲಿ ಅಲ್ಲೇ ಇದ್ದುವು.

"ಯಾಕ್ರಿ ಅಮ್ಮಾರ, ಮತ್ತ ಹೊಡೀತದೇನು?"

"ಇಲ್ಲಪಾ, ಶಾಕ್ ಹೋತು. ಆದ್ರ ಸೊಸಿ ಬಿಡವಲ್ಲಳು. ಮನೆತನದ ಪದ್ಧತಿ ಮುರದ ಕೆಟ್ಟ ಹೆಸರು ನನಗ್ಯಾಕ ಅಂತಾಳ."

ಮನಿಗೆ ಬಂದು ನಮ್ಮಾಕಿಗೆ ಹೇಳಿದೆ. ಹೊಟ್ಟಿ ಹಿಡಕೊಂಡು ನಕ್ಕಳು. ನಕ್ಕಾದ ಮ್ಯಾಲ ಅಂದ್ಲು: "ಅಂದಂಗ ರೀ, ನಮ್ಮ ಬಚ್ಚಲದ ನಳಾ ಮುಟ್ಟಿದ್ರ ಜುಮ್ ಅಂತದ. ಕೂಸು ದಿನಾ ಅಲ್ಲೇ ಜಳಕಾ ಮಾಡ್ತದ."

"ನಾಳೆ ನೋಡ್ತೀನಿ," ಅಂದೆ.

ಮರುದಿನ ಮುಂಜಾನೆ ಬಚ್ಚಲದಾಗ ಒಂದು ಜೋಡಿ ಸಣ್ಣ ರಬ್ಬರ್ ಚಪ್ಪಲಿ ಇದ್ದುವು, ಆರು ವರ್ಷದ ಹುಡುಗಿ ಅಳತೀವು. "ಭಾಳ ಶಾಣ್ಯಾಕಿ ಇದ್ದಿ ಬಿಡು," ಅಂತ ನಕ್ಕು ನಾನು ಸೈಕಲ್ ಹತ್ತಿದೆ. ಈಗ ನೆನಸಿಕೊಂಡ್ರ ನನಗ ನಾನ ಎರಡು ಬಾರಿಸ್ಕೋಬೇಕು ಅನಿಸ್ತದ.

೪. ನೀರು ಕಾದ ಗುರ್ತು

ಸಂಕ್ರಾಂತಿ ಹತ್ರ, ವಿಮಾನ ನಗರದಾಗ ಹೊಸಾ ಫ್ಲಾಟು. ಬೆಂಗಳೂರು ಕಡೀ ಗಂಡ ಹೆಂಡ್ತಿ, ಇಬ್ಬರೂ ಕಂಪ್ಯೂಟರ್ ಕೆಲಸ. ಊರಿಂದ ಗಂಡನ ತಾಯಿ ಬಂದಿದ್ರು. ಯಾರಿಗರ ಶಾಕ್ ಹತ್ತಿತಂದ್ರ ತಾನ ಬಂದ್ ಆಗೂ ಸ್ವಿಚ್ ಆ ಮನ್ಯಾಗ ಇತ್ತು.

"ಸರ್, ಡೈಲಿ ಮಾರ್ನಿಂಗ್ ಸಿಕ್ಸ್ ಥರ್ಟಿಗೆ ಕರೆಕ್ಟಾಗಿ ಟ್ರಿಪ್ ಆಗುತ್ತೆ," ಅಂದ ಮಗ. "ಸ್ವಿಚ್ಚೇ ಡಿಫೆಕ್ಟ್ ಅನ್ಸುತ್ತೆ. ತೆಗೆದುಬಿಡಿ."

ಗಡಿಯಾರ ನೋಡಿ ಬಂದ್ ಆಗೂ ಸ್ವಿಚ್ ನಾನು ಕಂಡಿಲ್ಲ. ಮರುದಿನ ಆರೂಕಾಲಕ್ಕ ಹೋಗಿ ಕುಂತೆ. ತಾಯಿ ಎದ್ದು ಬಂದ್ರು. ಗೀಜರ್ ನೀರು ಮೈಗೆ ಹತ್ತಲ್ಲ ಅಂತ ಸ್ಟೀಲ್ ಬಕೆಟ್ಟಿಗೆ ನೀರು ಕಾಸೋ ರಾಡ್ ಇಳಿಬಿಟ್ರು. ಹದಿನೈದು ನಿಮಿಷ ಆತು. ಬಗ್ಗಿ ನೀರಾಗ ಬೆರಳು ಅದ್ದಿದ್ರು.

ಟಪ್! ಇಡೀ ಮನಿ ಕತ್ತಲ.

"ನೋಡಿ ಸರ್, ನೋಡಿ! ಸಿಕ್ಸ್ ಥರ್ಟಿ!" ಅಂತ ಮಗ ಒಳಗಿಂದ ಓಡಿ ಬಂದ.

ತಾಯಿ ನೆಟ್ಟಗ ನಿಂತು ಸೆರಗಿಗೆ ಕೈ ಒರಸ್ಕೊಂಡ್ರು. "ಗಾಬರಿ ಯಾಕೋ? ನೀರು ಕಾದಿದೆ ಅಂತ ಅರ್ಥ. ದಿನಾ ಹೀಗೇ ತಾನೇ ಗೊತ್ತಾಗೋದು?"

"ಅಮ್ಮಾರ, ಕೈಗೆ ಹೊಡಿಯಂಗಿಲ್ಲೇನ್ರಿ?"

"ಸ್ವಲ್ಪ ಜುಮ್ ಅನ್ನುತ್ತೆ ಅಷ್ಟೇ. ಊರಲ್ಲಿ ಡಾಕ್ಟರು ಮಂಡಿಗೆ ಇದೇ ಥರ ಕರೆಂಟ್ ಕೊಡ್ತಿದ್ರು. ಇಲ್ಲಿ ಮನೆಯಲ್ಲೇ ಆಗುತ್ತೆ, ಆಟೋ ಹತ್ತೋದು ಬೇಡ."

ಆ ಸ್ವಿಚ್ ಇರದಿದ್ರ ಆ ತಾಯಿ ಮೊದಲನೇ ದಿನಾನ ಹೋಗಿಬಿಡತಿದ್ರು. ಮಗನಿಗೆ ಅದನ್ನ ಹೇಳಿದೆ. ಸ್ವಿಚ್ ಹಂಗ ಇಟ್ಟು ರಾಡ್ ನಾನ ಕಿತ್ಕೊಂಡು ಬಂದೆ. ಲಿಫ್ಟಿನ ತನಕಾ ತಾಯಿ ಬೆನ್ನು ಹತ್ತಿ ಬಂದ್ರು: "ಅದನ್ನ ತಗೊಂಡು ಹೋದ್ರೆ ನನ್ನ ಮಂಡಿ ಗತಿ ಏನಪ್ಪಾ?"

ಇದನ್ನೂ ನಮ್ಮಾಕಿಗೆ ಹೇಳಿದೆ. ಈ ಸಲ ಆಕಿ ನಗಲಿಲ್ಲ. "ಆ ಹುಡುಗ ನಿಮ್ಮನ್ನ ಹ್ಯಾಂಗ ಕರಸಿದಾ?" ಅಂತ ಕೇಳಿದ್ಲು.

"ಅಂಗಡಿಗೆ ಫೋನ್ ಮಾಡಿದ್ರ ಆತು. ಮರುದಿನಾನ ಹೋಗ್ತೀವಿ. ಗಿರಾಕಿಗೆ ಕಾಯಿಸೂ ಪದ್ಧತಿ ನಮ್ಮಲ್ಲಿಲ್ಲ," ಅಂದೆ, ಎದಿ ಉಬ್ಬಿಸಿ.

"ಹೌದ್ರಿ?" ಅಂದ್ಲು ನಮ್ಮಾಕಿ.

೫. ಮರುದಿನದ ಚೀಟಿ

ಮರುದಿನ ಅಂಗಡಿಗೆ ಹೋದ್ರ ಮಾಲಕರು ಒಂದ ಚೀಟಿ ಕೊಟ್ರು. "ಬಚ್ಚಲದಾಗ ಶಾಕ್. ಸಣ್ಣ ಕೂಸು ಅದ. ಜಲ್ದಿ." ಕೆಳಗ ವಿಳಾಸ. ಎರಡು ಸಲ ಓದಿದೆ.

"ಮಾಲಕ್ರ, ಇದು ನಮ್ಮ ಮನಿ!"

ಮಾಲಕರು ತಲಿ ಎತ್ತಲಿಲ್ಲ. "ಯಾರೋ ಹೆಂಗಸ್ರು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ರು. ಗಿರಾಕಿ ಅಂದ್ರ ಗಿರಾಕಿ. ನಡಿ," ಅಂದ್ರು ಮರಾಠಿಯೊಳಗ.

ನಗಿನೂ ಬಂತು, ಸಿಟ್ಟೂ ಬಂತು. ಬಾಗಲಾ ಬಡದೆ. ನಮ್ಮಾಕಿ ತಗದ್ಲು. ಹತ್ತು ವರ್ಷ ಸಂಸಾರ ಮಾಡಿದ ಗುರ್ತು ಮಾರಿ ಮ್ಯಾಲ ಒಂದಿಷ್ಟೂ ಇರಲಿಲ್ಲ.

"ಅಂಗಡಿಯಿಂದ ಬಂದೀರೇನ್ರಿ? ಬರ್ರಿ ಒಳಗ. ಚಪ್ಪಲಿ ಅಲ್ಲೇ ಬಿಡ್ರಿ."

"ಏ, ಏನ ಇದು ನಿಂದು..."

"ಬಚ್ಚಲಾ ಈ ಕಡೆ ಅದರಿ."

ಮಗಳು "ಅಪ್ಪಾ!" ಅಂತ ಓಡಿ ಬಂದ್ಲು. ಆಕಿ ತಡದ್ಲು. "ಅಪ್ಪ ಅಲ್ಲವ್ವ, ವೈರ್‌ಮನ್ ಕಾಕಾ. ಅವ್ರಿಗೆ ಕೆಲಸ ಮಾಡಾಕ ಬಿಡು." ನನಗ ಬೀಗರು ಬಂದಾಗ ತಗಿಯೂ ಕಪ್ಪಿನಾಗ ಚಾ ಬಂತು.

ಆತು ನಡೀಲಿ ನಾಟಕ ಅಂತ ಬಚ್ಚಲಕ್ಕ ಹೋದೆ. ಗೀಜರ್ ಚಾಲೂ ಮಾಡಿ ನಳಕ್ಕ ಟೆಸ್ಟರ್ ಹಚ್ಚಿದೆ. ದೀಪ ಹತ್ತಿತು. ಸಣ್ಣಗಲ್ಲ, ಝಗ್ ಅಂತ ಹತ್ತಿತು. ನಳದ ಕೆಳಗ ಮಗಳ ಕೆಂಪು ಮಗ್ಗು, ಬಾಜೂಕ ಆ ಸಣ್ಣ ಚಪ್ಪಲಿ. ಒಂದು ದಿನ ಕೂಸು ಚಪ್ಪಲಿ ಮರತಿದ್ರ? ನನಗ ಮುಂದ ವಿಚಾರ ಮಾಡಾಕ ಆಗಲಿಲ್ಲ.

ಮೇನ್ ಬಂದ್ ಮಾಡಿ ಬೋರ್ಡ್ ಬಿಚ್ಚಿದೆ. ಹಸಿರು ವೈರ್ ಯಾತಕ್ಕೂ ಜೋಡಿಲ್ಲದ, ತುದಿಗೆ ಟೇಪ್ ಸುತ್ತಿಸಿಕೊಂಡು ಒಳಗ ಮಲಗಿತ್ತು. ತಲಿ ತಾನ ಎರಡು ಸಲ ಅಲ್ಲಾಡಿತು. ಎಷ್ಟು ವರ್ಷದ ರೂಢಿ ನೋಡ್ರಿ, ನಾ ತಡಿಯೂದ್ರೊಳಗ ಬಾಯಿ ಕೇಳಿಬಿಡ್ತು:

"ಯಾವ ಪುಣ್ಯಾತ್ಮ ಮಾಡ್ಯಾನ್ರಿ ಈ ವೈರಿಂಗ್?"

ನಮ್ಮಾಕಿ ಬಾಗಲದಾಗ ನಿಂತಿದ್ಲು, ಸೆರಗು ಸೊಂಟಕ್ಕ ಸಿಗಿಸಿಕೊಂಡು.

"ನಮ್ಮ ಮನ್ಯಾವ್ರ ಮಾಡ್ಯಾರ್ರಿ," ಅಂದ್ಲು. "ಭಾಳ ಶಾಣ್ಯಾ ವೈರ್‌ಮನ್ ಅಂತ, ಊರ ಮಂದಿ ಎಲ್ಲಾ ಹೊಗಳ್ತಾರ. ನಮ್ಮ ಮನಿಗಷ್ಟ ಬರಾಕ ಪುರಸೊತ್ತಿಲ್ಲ ಅವ್ರಿಗೆ. ನಿಮಗೆಲ್ಲರ ಭೆಟ್ಟಿ ಆದ್ರ ಒಂದು ಮಾತು ಹೇಳ್ರಿ."

"ಹೇಳ್ತೀನ್ರಿ," ಅಂದು ನಾನು ವೈರ್ ತರಾಕ ಎದ್ದೆ.