ಹಿಂಡಿ ಚೀಲದ ಹೋರಿ

“ಇವತ್ತ ನನ್ನ ಬಾಯಿಂದ ಬರೇ ಹೂವ ಉದರತಾವು, ನೋಡಕೋತ ಇರು!” ಎಂದು ಸಂಪಗಾಂವದ ಶಂಕರೆಪ್ಪನವರು ಮೀಸೆ ತೀಡಿ ಹೆಂಡತಿ ರಾಚವ್ವನಿಗೆ ಮಾತು ಕೊಟ್ಟರು.

ಕಾರಣವಿತ್ತು. ಸೊಸೆ ಶೈಲಜಾ ಟ್ಯಾಬಿನ ಮೇಲೆ ಚಿತ್ರ ಬರೆಯುವವಳು. ರಾಮದುರ್ಗದ ಹಿಂಡಿ ವ್ಯಾಪಾರಿ ಮಡಿವಾಳೆಪ್ಪ ತನ್ನ ಹೊಸ ಚೀಲಕ್ಕೆ, ಹಿಂಡಿ ತಿಂದ ಹುರುಪಿನಲ್ಲಿ ಮೇಲೇಳುತ್ತಿರುವ ಹೋರಿಯ ಚಿತ್ರ ಕೇಳಿದ್ದ. ಅವಳಿಗೆ ಸಿಕ್ಕ ಮೊದಲ ಕೆಲಸ! ಬೆಳಗಿನಿಂದ ಗೀಚಿ ಕರಡು ಮಾಡಿದ್ದಳು. ಸಂಜೆ ಐದರ ವಿಡಿಯೋ ಕರೆಯಲ್ಲಿ ಆತ ಒಪ್ಪಿದರೆ ಸರಿ. ಇಲ್ಲದಿದ್ದರೆ ಇಂಟರ್ನೆಟ್ಟಿನ ಯಾವುದೋ ಪುಕ್ಕಟೆ ಹೋರಿ ಚೀಲ ಏರುತ್ತದೆ.

ಐದಾಯಿತು. ಶೈಲಜಾ ಫೋನನ್ನು ಟ್ಯಾಬಿನತ್ತ ತಿರುಗಿಸಿ ನಿಲ್ಲಿಸಿದಳು. ಮಡಿವಾಳೆಪ್ಪ ಕರಡನ್ನು ಹಿಂದೆ ಮುಂದೆ ನೋಡಿ, “ಮನ್ಯಾಗ ದನದ ಸಂತಿ ದಲ್ಲಾಳಿ ಅದಾರಂತಲ್ಲ? ಮೊದಲ ಹಿರ್ಯಾರು ಹೇಳಲಿ,” ಅಂದುಬಿಟ್ಟ.

ಶೈಲಜಾ ಪೆನ್ನು ಹಿಡಿದು ಮಾವನತ್ತ ತಿರುಗಿದಳು. “ಏನು ತಿದ್ದಬೇಕು ಹೇಳ್ರಿ, ಮಾವಾರ.”

ಶಂಕರೆಪ್ಪನವರು ಟ್ಯಾಬಿಗೆ ಮೂಗು ಹಚ್ಚಿ ನೋಡಿದರು. ಆಹಾ! ಚಿತ್ರ ಎದೆಗೇ ನಾಟಿತು. ಅಲ್ಲೇ ಎಡವಟ್ಟಾಯಿತು! ಸಂತೆಯಲ್ಲಿ ಮನಸ್ಸಿಗೆ ಹಿಡಿಸಿದ ಹೋರಿಗೆ ಬೆಲೆ ಇಳಿಸಲು ಹತ್ತು ಕುಂದು ಎತ್ತಿ ಆಡುವುದು, ಹಿಡಿಸದ್ದನ್ನು ಹೊಗಳಿ ಮುಂದೆ ದಾಟುವುದು. ಇದು ನಲವತ್ತು ವರ್ಷದ ರೂಢಿ. ಕೊಟ್ಟ ಮಾತು ಎಲ್ಲಿ ಹೋಯಿತೋ!

“ಇದೇನವಾ ಇದು? ಒಂದು ಕೋಡು ಸವದತ್ತಿಗೆ ಹೊಂಟೈತಿ, ಇನ್ನೊಂದು ಕಿತ್ತೂರಿಗೆ! ಬಾಲ ನಿಮ್ಮತ್ತಿ ಹಳೇ ಕಸಬರಿಗಿ! ಹೊಟ್ಟಿ ನೋಡಿದ್ರ ಹಿಂಡಿ ಅಲ್ಲ, ಬರೇ ಗಾಳಿ ತಿಂದಂಗ ಐತಿ!”

ಫೋನಿನಿಂದ ಬಂದದ್ದು “ಹೂಂ...” ಅಷ್ಟೇ. ಶೈಲಜಾಳ ಮುಖ ಸುಣ್ಣವಾಯಿತು. ರಾಚವ್ವ ಗಂಡನ ತೊಡೆಗೆ ಚಿವುಟಿದಳು, ಎಂಥ ಚಿವುಟು! ನೆನಪೆಲ್ಲ ಒಮ್ಮೆಗೇ ಮರಳಿತು.

“ಅಂದ್ರ... ಏನ್ ಹೋರಿರೀ ಇದು! ಏನ್ ಗತ್ತು! ಕೋಡು ಚಿನ್ನದ್ದು, ಬಾಲ ರೇಶಿಮಿ! ಒಂದು ಕೂದಲಷ್ಟೂ ಕುಂದಿಲ್ಲ! ಕಣ್ಣು ಮುಚ್ಚಿ ತಗೋರಿ!”

ಮಡಿವಾಳೆಪ್ಪನ ಹುಬ್ಬು ಗಂಟಾಯಿತು. “ಹಿರ್ಯಾರ, ನಾನೂ ಸಂತಿ ತಿರಗಿದಾಂವ. ನೀವು ಬೈದಾಗ ‘ಹೋರಿ ಭಾರಿ ಐತಿ, ಅದಕ್ಕ ಬೈತಾರ’ ಅಂತ ಒಪ್ಪಾಂವ ಇದ್ದೆ. ಈಗ ಇಷ್ಟು ಹೊಗಳಾಕ ಹತ್ತೀರಿ ಅಂದ್ರ, ಏನೋ ಮುಚ್ಚಿಡಾಕ ಹತ್ತೀರಿ. ಬ್ಯಾಡ ಬಿಡ್ರಿ!”

ಶೈಲಜಾಳ ಕಣ್ಣು ತುಂಬಿ ಬಂತು. ಬೈದರೂ ಕೆಟ್ಟಿತು, ಹೊಗಳಿದರೂ ಕೆಟ್ಟಿತು!

“ಒಂದ ನಿಮಿಷ ತಡೀರಿ, ಅಣ್ಣಾರ,” ಎಂದು ರಾಚವ್ವ ಸೆರಗಿಗೆ ಕೈ ಒರೆಸಿಕೊಂಡು ಟ್ಯಾಬಿನ ಮುಂದೆ ಕುಳಿತಳು. “ಶೈಲಾ, ಕೋಡು, ಬಾಲ ಎಲ್ಲಾ ಚಲೋ ಬಂದಾವ. ಕಾಲು ಅಷ್ಟ ನೋಡು. ಇದು ಮುಂದಿನ ಕಾಲು ಊರಿ, ಕುಂತ ನಾಯಿ ಎದ್ದಂಗ ಏಳಾಕ ಹತ್ತೈತಿ. ದನಾ ಮೊದಲ ಹಿಂದಿನ ಕಾಲು ಎತ್ತತಾವ. ಮುಂದಿನ ಮೊಣಕಾಲು ನೆಲದಾಗ ಇರತಾವ.”

ಶೈಲಜಾ ಕಣ್ಣೊರೆಸಿಕೊಂಡಳು. ಪೆನ್ನು ಸರಸರ ಓಡಿತು. ಹಿಂಭಾಗ ಮೇಲೆದ್ದಿತು, ಮೊಣಕಾಲು ನೆಲಕ್ಕೂರಿತು. ಈಗ ಟ್ಯಾಬಿನಿಂದಲೇ ಹೋರಿ ಎದ್ದು ಬರುವಂತಿತ್ತು! ಫೋನಿನಲ್ಲಿ ಮಡಿವಾಳೆಪ್ಪ ಮುಖ ಹತ್ತಿರ ತಂದು ನೋಡಿದ.

“ಇದು ನೋಡ್ರಿ ಹೋರಿ! ಪಕ್ಕಾ, ಇದ ಅಚ್ಚಿಗೆ ಹೋಗಲಿ,” ಎಂದವನು ಸುಮ್ಮನಿರಬಾರದೇ? “ಅಲ್ರಿ ಹಿರ್ಯಾರ, ನಲವತ್ತು ವರ್ಷ ದನದಾಗ ಇದ್ದೂ ನಿಮಗ ಇದು ಹೆಂಗ ಕಾಣಲಿಲ್ಲ?”

ಶಂಕರೆಪ್ಪನವರು ಮೀಸೆ ತೀಡಿ ಬಾಯಿ ತೆರೆಯುವುದರೊಳಗೆ ರಾಚವ್ವನೇ ಹೇಳಿದಳು:

“ಅವರಿಗೆ ಹೆಂಗ ಕಾಣಬೇಕ್ರಿ? ದನಾ ಎದ್ದು, ನಾ ಸಗಣಿ ಬಳದು, ಹಾಲು ಕರದು, ಚಾ ಕುದ್ದ ಮ್ಯಾಲ ಇವರು ಏಳೂದು. ಏಳೂ ಮುಂದನೂ ಹಿಂದಿನ ಕಾಲಲ್ಲ, ಮುಂದಿನ ಕಾಲಲ್ಲ; ಮೊದಲ ಬಾಯಿ ಏಳತೈತಿ!”