ಗೋಡೆ ಸರಿಯಿತು, ಮೇಜು ಸರಿಯಲಿಲ್ಲ

ಗಂಡ: ಎತ್ತಿಡೋದು ದೊಡ್ಡ ವಿಷಯ ಅಲ್ಲ ಕಣೇ. ಎಲ್ಲಿಡಬೇಕು ಅಂತ ಮೊದಲು ನೋಡ್ಬೇಕು.

ಹೆಂಡತಿ: ನೋಡೋದೇನ್ರೀ ಇದೆ? ಕಿಟಕಿ ಅಲ್ಲಿದೆ, ನನ್ನ ಹೊಲಿಗೆ ಮಿಷನ್ನು ಇಲ್ಲಿದೆ. ಇದನ್ನ ಅಲ್ಲಿಟ್ಟರೆ ಆಯ್ತು.

ಗಂಡ: ಅಲ್ಲಿ ನನ್ನ ಮೇಜಿದೆಯಲ್ಲ.

ಹೆಂಡತಿ: ಅದನ್ನ ಇಲ್ಲಿಡಿ.

ಗಂಡ: ಹಾಗೆಲ್ಲ ಅಂದಾಜಿನ ಮೇಲೆ ಮನೆ ನಡೆಸೋಕಾಗಲ್ಲ.

ಅಂದಾಜಿನ ಮೇಲೆಯೇ ಇಷ್ಟು ವರ್ಷ ಆ ಮನೆ ನಡೆಸಿದವಳು ಅವಳು. ಮಡಿಲಲ್ಲಿ ವಕೀಲರೊಬ್ಬರ ಕರಿ ಕೋಟಿತ್ತು. ಕರಿ ಬಟ್ಟೆ, ಕರಿ ದಾರ, ತಲೆಯ ಮೇಲೆ ಕಣ್ಣು ಮಿಟುಕಿಸುವ ಟ್ಯೂಬ್‌ಲೈಟು, ಬೆನ್ನ ಹಿಂದೆ ಬಚ್ಚಲ ಬಾಗಿಲು. ಅಂಥ ಮೂಲೆಯಲ್ಲಿ ಕೂತು ಹೊಲಿದು ಹೊಲಿದು, ಹಿಂದಿನ ವಾರ ಇನ್ನೊಬ್ಬ ವಕೀಲರ ಕೋಟಿನ ಒಂದು ತೋಳನ್ನು ಒಳಗು ಹೊರಗು ಮಾಡಿ ಕೂರಿಸಿಬಿಟ್ಟಿದ್ದಳು. ಆ ವಕೀಲರು ಕೈ ಎತ್ತಿ ವಾದಿಸಿದಾಗ ನ್ಯಾಯಾಧೀಶರಿಗೆ ವಾದದ ಬದಲು ತೋಳಿನ ಹೊಲಿಗೆ ಕಂಡಿತಂತೆ. ಇನ್ನೊಂದು ಕೋಟು ಹೀಗಾದರೆ ತಾನೊಬ್ಬನೇ ಅಲ್ಲ, ಕೋರ್ಟಿಗೆ ಕೋರ್ಟೇ ಬೇರೆ ದರ್ಜಿಯ ಮನೆಗೆ ಹೋಗುತ್ತದೆ ಎಂದು ಗದರಿ ಹೋಗಿದ್ದರು. ಕರಿ ಕೋಟು ಹೋದರೆ ಅವಳ ಕಸುಬೇ ಹೋದ ಹಾಗೆ. ಅವಳಿಗೆ ಬೇಕಾದದ್ದು ಕಿಟಕಿಯ ಬೆಳಕು, ಅಷ್ಟೇ.

ಗಂಡ ವೆಬ್‌ಸೈಟುಗಳನ್ನು ಮಾಡುವ ಪ್ರೋಗ್ರಾಮರ್. ತಿಂಗಳುಗಳ ಹಿಂದೆ, ಮೇಜು ಎತ್ತಿ ಎಂದು ಹೆಂಡತಿ ಮೊದಲ ಸಲ ಬಾಯಿಬಿಟ್ಟ ದಿನವೇ, ಇದು ಎತ್ತುವ ಸಮಸ್ಯೆಯಲ್ಲ, ವಿನ್ಯಾಸದ ಸಮಸ್ಯೆ ಎಂದು ಕಂಡುಹಿಡಿದುಬಿಟ್ಟ. ಯಾರೋ ಬರೆದಿಟ್ಟ ಜಾವಾಸ್ಕ್ರಿಪ್ಟ್ ಕೋಡಿನ ಗಂಟೊಂದನ್ನು ಇಳಿಸಿಕೊಂಡು, ಬ್ರೌಸರಿನಲ್ಲಿ ಕ್ಯಾನ್ವಾಸ್ ಎಂಬ ಖಾಲಿ ಹಾಳೆ ಹಾಸಿ, ಅದರ ಮೇಲೆ ಇಡೀ ನಡುಮನೆಯನ್ನು ಬರೆಯತೊಡಗಿದ. ಮೌಸಿನಲ್ಲಿ ಹಿಡಿದು ಎಳೆದರೆ ಸಾಮಾನುಗಳು ಸರಿಯುತ್ತವಂತೆ. ಭಾನುವಾರಗಳೆಲ್ಲ ಅದಕ್ಕೇ ಹೋದವು. ಅವಳಿಗೆ ಗೊತ್ತಿದ್ದ ಕ್ಯಾನ್ವಾಸ್ ಕೋಟಿನ ಕಾಲರಿನೊಳಗೆ ಇಡುವ ಗಡಸು ಬಟ್ಟೆ. ಅದು ಕಾಲರನ್ನಾದರೂ ಎಬ್ಬಿಸಿ ನಿಲ್ಲಿಸುತ್ತಿತ್ತು. ಇದು ಗಂಡನನ್ನು ಕುರ್ಚಿಯಿಂದ ಏಳಲೇ ಬಿಟ್ಟಿರಲಿಲ್ಲ.

ಕೊನೆಗೂ ಇವತ್ತು ಸಿದ್ಧವಾಗಿತ್ತು. ಅವನು ಗತ್ತಿನಿಂದ ಲ್ಯಾಪ್‌ಟಾಪನ್ನು ಹೆಂಡತಿಯತ್ತ ತಿರುಗಿಸಿದ. ಮಂಚದ ಮೇಲಿದ್ದ ಅತ್ತೆಯೂ ಕನ್ನಡಕ ಏರಿಸಿಕೊಂಡು ಬಂದು ಬಗ್ಗಿ ನೋಡಿದರು.

ಅತ್ತೆ: ನನ್ನ ಮಂಚ ಎಲ್ಲೋ?

ಗಂಡ: ಕಪಾಟಿನ ಕೆಳಗಿದೆಯಮ್ಮ.

ಅತ್ತೆ: ಕಪಾಟಿನ ಕೆಳಗಾ? ಇನ್ನೂ ಬದುಕಿದೀನಲ್ಲೋ.

ಗಂಡ: ಹಾಗಲ್ಲಮ್ಮ. ಮೊದಲು ಬರೆದದ್ದು ಕೆಳಗೆ ಹೋಗುತ್ತೆ, ಆಮೇಲೆ ಬರೆದದ್ದು ಅದರ ಮೇಲೆ ಕೂರುತ್ತೆ. ನಿನ್ನ ಮಂಚವನ್ನೇ ಎಲ್ಲಕ್ಕಿಂತ ಮೊದಲು ಬರೆದೆ.

ಅತ್ತೆ: ಗೊತ್ತಪ್ಪ. ಮೊದಲು ಬಂದೋರು ಕೆಳಕ್ಕೆ, ಆಮೇಲೆ ಬಂದೋರು ಮೇಲಕ್ಕೆ. ಮಗನನ್ನ ಸಾಕಿದವಳಿಗೆ ಅಷ್ಟೂ ತಿಳಿಯಲ್ವಾ?

ಗಂಡ: ಪ್ರೋಗ್ರಾಂನ ಮುಂದಿನ ವರ್ಷನ್‌ನಲ್ಲಿ ಸರಿಹೋಗುತ್ತಮ್ಮ.

ಸೋರುವ ನಲ್ಲಿ, ಕೂರದ ಚಿಲಕ, ದಾರ ಸುತ್ತಿಕೊಂಡ ಅತ್ತೆಯ ಕನ್ನಡಕ, ಎಲ್ಲವೂ ಆ ಮನೆಯಲ್ಲಿ ಮುಂದಿನ ವರ್ಷನ್‌ನಲ್ಲೇ ಸರಿಹೋಗಬೇಕಿತ್ತು. ಆ ವರ್ಷನ್ನಿನ ಮುಖ ಕಂಡ ಪುಣ್ಯಾತ್ಮರು ಯಾರೂ ಇರಲಿಲ್ಲ.

ಹೆಂಡತಿ: ಈ ಗೆರೆ ಏನ್ರೀ?

ಗಂಡ: ಬಚ್ಚಲ ಬಾಗಿಲು.

ಹೆಂಡತಿ: ಬರೀ ಗೆರೆ ಆಗೋಯ್ತಲ್ಲ. ಇದು ತೆರೆಯೋದು?

ಗಂಡ: ತೆರೆಯೋದು ಮುಂದಿನ ವರ್ಷನ್‌ನಲ್ಲಿ. ಸಣ್ಣಪುಟ್ಟದ್ದಕ್ಕೆಲ್ಲ ತಲೆ ಕೆಡಿಸ್ಕೋಬೇಡ. ನೀನು ನಿನ್ನ ಮಿಷನ್ ಎಳಿ.

ಅವಳು ಆ ಗೆರೆಯನ್ನು ಇನ್ನೊಮ್ಮೆ ನೋಡಿದಳು. ಹೊಲಿಗೆ ಮಿಷನ್ನಿನ ಚಿತ್ರವನ್ನು ಹಿಡಿದು ಮೆಲ್ಲಗೆ ಕಿಟಕಿಯ ಕಡೆಗೆ ಎಳೆದಳು. ಮಿಷನ್ನು ಕಿಟಕಿಯವರೆಗೂ ಹೋಯಿತು, ಮೇಜಿಗೆ ತಾಗಿತು, ಪುಟಪುಟನೆ ಹಾರುತ್ತಾ ಬಚ್ಚಲ ಪಕ್ಕದ ತನ್ನ ಮೂಲೆಗೇ ಬಂದು ಕುಕ್ಕರಿಸಿತು. ಮತ್ತೆ ಎಳೆದಳು, ಮತ್ತೆ ಓಡಿಬಂತು.

ಹೆಂಡತಿ: ಯಾಕ್ರೀ ಇದು ಹಿಂದಕ್ಕೆ ಬರುತ್ತೆ?

ಗಂಡ: ಜಾಗ ಖಾಲಿ ಇಲ್ದಿದ್ರೆ ತನ್ನ ಜಾಗಕ್ಕೇ ವಾಪಸ್ ಬರುತ್ತೆ. ಆ ಪುಟಿಯೋದು ನೋಡಿದ್ಯಾ? ಅನಿಮೇಶನ್ನು. ಅದೊಂದಕ್ಕೇ ಎರಡು ಭಾನುವಾರ ಹಿಡೀತು.

ಅತ್ತೆ: ಪಾಪದ್ದು. ಕುಣಿಸಿ ಕುಣಿಸಿ ಮತ್ತೆ ಅದೇ ಕತ್ತಲೆಗೆ ತಳ್ತೀಯಲ್ಲೋ.

ಅಷ್ಟು ಹೇಳಿ ಅತ್ತೆ ಸೊಸೆಯ ಕೈಯಿಂದ ಮೌಸು ತೆಗೆದುಕೊಂಡರು. ಕಪಾಟಿನಡಿಯಿಂದ ಮಂಚ ಬಿಡಿಸಲು ಹೋಗಿ ಎಲ್ಲಿ ಒತ್ತಿದರೋ ಏನೋ, ಮಂಚ ಬರುವ ಬದಲು ಗೋಡೆಯೇ ಬಂತು. ಎಳೆದಷ್ಟೂ ಬಂತು. ನಡುಮನೆ ನೋಡನೋಡುತ್ತ ಕಲ್ಯಾಣಮಂಟಪದಷ್ಟಾಯಿತು.

ಗಂಡ: ಅಮ್ಮ, ಗೋಡೆ ಮುಟ್ಬೇಡ.

ಅತ್ತೆ: ಮುಟ್ಟಿದರೆ ಸರಿಯೋ ಗೋಡೆ ಯಾಕೆ ಕಟ್ಟಿದೆ?

ಗಂಡ: ಅಲ್ಲಿ ಏನು ಬೇಕಾದ್ರೂ ಸರಿಯುತ್ತಮ್ಮ, ಅದೇ ಇದರ ವಿಶೇಷ.

ಏನು ಬೇಕಾದರೂ ಎಂದನೋ ಇಲ್ಲವೋ, ಹೆಂಡತಿ ಮೌಸು ವಾಪಸ್ ತೆಗೆದುಕೊಂಡಳು. ಒಂದು ಹೊಲಿಗೆ ತಪ್ಪಿದರೂ ಹಿಡಿಯುವ ಕಣ್ಣು ಅದು. ಕಪಾಟು ಎಳೆದಳು, ಸರಿಯಿತು. ಇನ್ನೊಂದು ಗೋಡೆ ಎಳೆದಳು, ಸರಿಯಿತು. ಕಿಟಕಿಯನ್ನೇ ಕಿತ್ತು ಆಚೆ ಗೋಡೆಗೆ ಹಚ್ಚಿದಳು, ಅದೂ ಹೋಯಿತು. ಕೊನೆಗೆ ಮೇಜಿಗೆ ಕೈಹಾಕಿದಳು. ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಹೆಂಡತಿ: ಇದ್ಯಾಕೆ ಬರಲ್ಲ?

ಗಂಡ: ಯಾವುದು? ಓ ಅದಾ... ಪ್ರೋಗ್ರಾಂನಲ್ಲಿ ಏನೋ ಬಗ್ ಇರ್ಬೇಕು.

ಹೆಂಡತಿ: ಗೋಡೆಗಿಲ್ಲದ ಬಗ್ಗು ಮೇಜಿಗೆ ಮಾತ್ರ ಹೇಗೆ ಬಂತು?

ಗಂಡ: ಅದು... ಸ್ವಲ್ಪ ಲಾಕ್ ಮಾಡಿಟ್ಟಿದೀನಿ.

ಹೆಂಡತಿ: ಸ್ವಲ್ಪ?

ಗಂಡ: ವಿಡಿಯೋ ಕಾಲ್ ಇರುತ್ತಲ್ಲ ಕಣೇ. ಕಿಟಕಿ ಎದುರು ಕೂತರೆ ಮುಖಕ್ಕೆ ಬೆಳಕು ಚೆನ್ನಾಗಿ ಬೀಳುತ್ತೆ.

ಹೆಂಡತಿ: ನಿಮ್ಮ ಮುಖಕ್ಕೆ ಬೆಳಕು, ನನ್ನ ಸೂಜಿಗೆ ಕತ್ತಲೆ. ಇಷ್ಟು ಭಾನುವಾರ ಕೂತು ಬರೆದದ್ದು ಇದನ್ನೇನಾ? ಇಲ್ಲ ಅನ್ನೋಕೆ ಒಂದು ನಿಮಿಷ ಸಾಕಿತ್ತಲ್ರೀ.

ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಜಗಳವಾಡಲು ಅನುಕೂಲವಾಗುತ್ತಿತ್ತು. ಭಾನುವಾರವೆಲ್ಲ ತಾನೇ ಚಹಾ ಮಾಡಿಕೊಟ್ಟು ಈ ಬೀಗ ಹಾಕಿಸಿಕೊಂಡೆನಲ್ಲ ಎನಿಸಿತು. ಅತ್ತೆ ಮಗನತ್ತ ತಿರುಗಿದರು.

ಅತ್ತೆ: ಬೀಗ ತೆಗೆಯೋ.

ಗಂಡ: ಅಮ್ಮ, ಅದು ಕೋಡ್...

ಅತ್ತೆ: ಹಾಕೋಕೆ ಬಂದವನಿಗೆ ತೆಗೆಯೋಕೂ ಬರುತ್ತೆ.

ಬಂತು. ಒಂದೇ ಪದ ಬದಲಿಸಿದರೆ ಆಗುವ ಕೆಲಸ ಅದು, ಆಗಿಹೋಯಿತು. ಹೆಂಡತಿ ಪರದೆಯ ಗೋಡೆ, ಕಿಟಕಿಗಳನ್ನು ಮೊದಲಿದ್ದಲ್ಲಿಗೇ ತಳ್ಳಿ, ಮಿಷನ್ನನ್ನು ನಡುಮನೆಯ ಮಧ್ಯಕ್ಕೆ ತಂದಿಟ್ಟು, ಖಾಲಿಯಾದ ಮೂಲೆಗೆ ಮೇಜನ್ನು ತೇಲಿಸಿಕೊಂಡು ಬಂದಳು. ಮೇಜು ಬಚ್ಚಲ ಬಾಗಿಲೆಂಬ ಗೆರೆಯ ಪಕ್ಕ ಬಂದು, ಒಮ್ಮೆ ತೂಗಿ, ನಯವಾಗಿ ನಿಂತಿತು. ಮಿಷನ್ನು ಕಿಟಕಿಗೆ ಹೋಯಿತು. ಈ ಸಲ ಓಡಿಬರಲಿಲ್ಲ. ಗಂಡನಿಗೆ ಸಂಕಟವೆಲ್ಲ ಮರೆತೇಹೋಯಿತು.

ಗಂಡ: ನೋಡಮ್ಮ, ಎಷ್ಟು ಸ್ಮೂತಾಗಿ ನಿಲ್ತು.

ಹೆಂಡತಿ: ಅಳತೆ ಸರಿ ಕೂತಿದೆ ಅಂತೀರಾ?

ಗಂಡ: ಸರಿ ಏನು, ಅಲ್ಲಿಗೇ ಮಾಡಿಸಿದ ಹಾಗಿದೆ. ನನ್ನ ಪ್ರೋಗ್ರಾಂ ಸುಳ್ಳು ಹೇಳಲ್ಲ.

ಹೆಂಡತಿ: ಹಾಗಾದ್ರೆ ಏಳಿ. ಆ ಕಡೆ ನೀವು ಹಿಡೀರಿ.

ತನ್ನ ಬಾಯಿಂದಲೇ ಬಿದ್ದ ಮಾತು, ಯಾರನ್ನು ದೂರುವುದು? ಎದ್ದ. ತಿಂಗಳುಗಟ್ಟಲೆ ನಡೆದ ವಿನ್ಯಾಸ ಐದು ನಿಮಿಷದಲ್ಲಿ ಮುಗಿಯಿತು. ಅವಳು ಕಿಟಕಿಯ ಕೆಳಗೆ ಕೂತು ಕರಿ ಕೋಟನ್ನು ತೊಡೆಯ ಮೇಲೆ ಹರಡಿಕೊಂಡಳು. ಕರಿ ಬಟ್ಟೆಯಲ್ಲಿ ಕರಿ ದಾರ ಎಳೆ ಎಳೆಯಾಗಿ ಕಂಡಿತು. ಮನಸ್ಸಿಗೆ ಹಾಯೆನಿಸಿತು. ಮೂಲೆಯಲ್ಲಿ ಗಂಡ ಕೂದಲು ಬಾಚಿಕೊಂಡು ಆಫೀಸಿನ ವಿಡಿಯೋ ಕಾಲಿಗೆ ಕೂತ. ಅತ್ತೆ ಆಗಲೇ ಬಚ್ಚಲಿಗೆ ಹೋಗಿದ್ದರು, ಈಗ ಹೊರಬಂದರು.

ಧಡ್ ಎಂದು ಬಾಗಿಲು ಅವನ ಕುರ್ಚಿಯ ಬೆನ್ನಿಗೆ ಬಡಿಯಿತು. ಪರದೆಯಲ್ಲಿದ್ದ ಮ್ಯಾನೇಜರಿಗೆ ಒಂದು ಕ್ಷಣ ಅವನ ನೆತ್ತಿ ಮಾತ್ರ ಕಂಡಿತು.

ಗಂಡ: ಈ ಬಾಗಿಲು ಹೊರಗಡೆ ತೆರೆಯುತ್ತಾ?

ಅತ್ತೆ: ಮನೆ ಕಟ್ಟಿದಾಗಿನಿಂದ.

ಗಂಡ: ನಿಂಗೆ ಗೊತ್ತಿತ್ತೇನೇ?

ಹೆಂಡತಿ: ಇಷ್ಟು ವರ್ಷ ಅಲ್ಲೇ ಕೂತಿದ್ನಲ್ರೀ.

ಗಂಡ: ಮತ್ತೆ ಮೊದಲೇ ಹೇಳಬಾರದಿತ್ತಾ? ದಿನಾ ಹೀಗೆ ಬಡೀತಿದ್ರೆ ಕೆಲಸ ಹೇಗೆ ಮಾಡಲಿ?

ಅವಳು ದಾರದ ತುದಿಯನ್ನು ಬೆಳಕಿಗೆ ಹಿಡಿದು, ಒಂದೇ ಸಲಕ್ಕೆ ಸೂಜಿಗೆ ಪೋಣಿಸಿದಳು.

ಹೆಂಡತಿ: ತೆರೆಯೋದು ಮುಂದಿನ ವರ್ಷನ್‌ನಲ್ಲಿ ಅಂತ ನೀವೇ ಅಂದ್ರಲ್ಲ. ಅಲ್ಲೀವರೆಗೂ ಸ್ವಲ್ಪ ಬಗ್ಗಿ ಕೂತ್ಕೊಳ್ಳಿ.