ಜಿಂಕೆಗೆ ಬಿಟ್ಟ ಅರ್ಧ ಎಕರೆ

ಆರ್ಡಿಸ್: ಇದಾ ಕ್ಲೋವರು? ಎಲ್ಲಿದೆ? ಬೆರಳಿಟ್ಟು ತೋರ್ಸು ನೋಡೋಣ.

ವರ್ನರ್: ಇದೆ ಮಾರಾಯ್ತಿ. ಒಳಗಡೆ ಇದೆ.

ಆರ್ಡಿಸ್: ಒಳಗಡೆ ಅಂದ್ರೆ? ನೆಲದ ಒಳಗಾ?

ವರ್ನರ್: ಹುಲ್ಲಿನ ಒಳಗೆ. ಅದಕ್ಕೆ ಸ್ವಲ್ಪ ನಾಚಿಕೆ ಸ್ವಭಾವ.

ಆರ್ಡಿಸ್: ಬಿತ್ತಿದೋನಿಗೆ ಇಲ್ಲದ ನಾಚಿಕೆ ಬೀಜಕ್ಕಾದ್ರೂ ಇದೆಯಲ್ಲ, ಸಂತೋಷ.

ಕೊಟ್ಟಿಗೆಯ ಹಿಂದಿನ ಅರ್ಧ ಎಕರೆಯಲ್ಲಿ ಹುಲ್ಲು ವರ್ನರನ ಮೊಣಕಾಲು ಮುಳುಗಿಸಿ ನಿಂತಿತ್ತು. ಅದೇ ನೆಲದಲ್ಲಿ ಆರ್ಡಿಸ್ ಮೂವತ್ತೆಂಟು ವರ್ಷ ಆಲೂಗಡ್ಡೆ ಬೆಳೆದಿದ್ದಳು. ಜಿಂಕೆಗಳಿಗೆ ಕ್ಲೋವರ್ ಎಂಬ ಮೂರೆಲೆಯ ಮೇವು ಬೆಳೆಸುತ್ತೇನೆ, ನವೆಂಬರಿನ ಬೇಟೆಗೆ ಅವು ತಾವಾಗಿ ಬಂದು ನಿಲ್ಲುತ್ತವೆ ಎಂದು ಗಂಡ ಗೋಗರೆದಿದ್ದಕ್ಕೆ ಮೂರು ವರ್ಷದ ಮಟ್ಟಿಗೆ ಬಿಟ್ಟುಕೊಟ್ಟಿದ್ದಳು. ಮೂರು ವರ್ಷ ತುಂಬುವ ದಿನ, ಮೇ ತಿಂಗಳ ಕೊನೆಯ ಶನಿವಾರ, ಕಳೆಗಿಂತ ಕ್ಲೋವರ್ ಹೆಚ್ಚಿದ್ದರೆ ನೆಲ ಅವನದು. ಇಲ್ಲದಿದ್ದರೆ ಮತ್ತೆ ಆಲೂಗಡ್ಡೆಗೆ. ಆ ಶನಿವಾರ ಇವತ್ತೇ. ವರ್ನರ್ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿದ ಮನುಷ್ಯ. ಒಂದೇ ದಾರಿಯಲ್ಲಿ ದಿನಾ ಹೋಗಿ ಬರುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಬೇಸಾಯಕ್ಕೆ ಅಷ್ಟು ವಿದ್ಯೆ ಸಾಲದು ಎಂಬುದು ಅವನಿಗೂ ಒಳಗೊಳಗೇ ಗೊತ್ತಿತ್ತು.

ಆರ್ಡಿಸ್: ಸರಿ, ನನ್ನ ಟೋಪಿ ಎಸೀತೀನಿ. ಮೂರು ಸಲ. ಅದು ಬಿದ್ದ ಕಡೆ, ಅದರ ಕೆಳಗೆ ಯಾವುದು ಜಾಸ್ತಿ ಇರುತ್ತೋ ಅದೇ ಗೆದ್ದಂಗೆ.

ಮೊದಲನೆಯ ಸಲ ಟೋಪಿ ಹುಲ್ಲಿನ ಮೇಲೆ ಬಿತ್ತು. ಎತ್ತಿ ನೋಡಿದರೆ ಕೆಳಗೂ ಹುಲ್ಲು. ಎರಡನೆಯ ಸಲ ಡ್ಯಾಂಡೆಲಿಯನ್ ಎಂಬ ಕಳೆಯ ನಾಲ್ಕು ಹೂ, ಅವುಗಳ ಮಧ್ಯೆ ಒಂದೇ ಒಂದು ಕ್ಲೋವರ್, ಕಾಮಾಲೆ ಹಿಡಿದ ಮಗುವಿನ ಹಾಗೆ ಹಳದಿಯಾಗಿ.

ವರ್ನರ್: ನೋಡ್ದಾ! ಇದೆ ಅಂದ್ನಲ್ಲ!

ಆರ್ಡಿಸ್: ಅದು ಬೆಳೆ ಅಲ್ಲ ಮಾರಾಯಾ, ಬದುಕಿ ಉಳಿದ ಸಾಕ್ಷಿ.

ವರ್ನರ್: ಮೂರನೇದು ನಾನೇ ಎಸೀತೀನಿ, ಕೊಡಿಲ್ಲಿ. ನಿನ್ನ ಕೈಗುಣ ಸರಿಯಿಲ್ಲ.

ವರ್ನರ್ ಎಸೆದ ಟೋಪಿ ಮುಳ್ಳುಗಿಡವೊಂದರ ತಲೆಯ ಮೇಲೆ ನೆಟ್ಟಗೆ ಕೂತಿತು. ಗಿಡ ಟೋಪಿ ಹಾಕಿಕೊಂಡು ಇಬ್ಬರನ್ನೂ ನೋಡುತ್ತ ನಿಂತಿತು. ವರ್ನರನಿಗೆ ಅದು ತನಗಿಂತ ಹೆಚ್ಚು ಗತ್ತಿನಲ್ಲಿರುವಂತೆ ಕಂಡಿತು.

ಆರ್ಡಿಸ್: ಮುಗೀತು.

ವರ್ನರ್: ಮುಗೀತು.

ಅಷ್ಟರಲ್ಲಿ ಕೊಟ್ಟಿಗೆಯ ಪಕ್ಕ ಪಿಕಪ್ಪೊಂದು ಬಂದು ನಿಂತಿತು. ಇಳಿದವನು ಆರ್ಡಿಸಳ ತಮ್ಮ ಡೆಲ್ಬರ್ಟ್. ರೈತರ ಸಹಕಾರಿ ಅಂಗಡಿಯಲ್ಲಿ ಗೊಬ್ಬರ, ಬೀಜ ಮಾರುವವನು. ಹಿಂದುಗಡೆಯಿಂದ ಮೊಳಕೆ ಒಡೆದ ಬಿತ್ತನೆ ಆಲೂಗಡ್ಡೆಯ ಮೂರು ಮೂಟೆಗಳನ್ನು ಇಳಿಸತೊಡಗಿದ.

ವರ್ನರ್: ಇದೇನಿದು? ತೀರ್ಪು ಬರೋಕೆ ಮುಂಚೆನೇ ಬೀಜ ತರಿಸಿದೀಯಾ?

ಆರ್ಡಿಸ್: ನಿನ್ನ ಜೊತೆ ನಲವತ್ತೊಂದು ವರ್ಷ ಸಂಸಾರ ಮಾಡಿದೀನಿ. ತೀರ್ಪಿಗೆ ಯಾಕೆ ಕಾಯ್ಬೇಕು?

ಡೆಲ್ಬರ್ಟ್: ಭಾವಾ, ಇದೇನು ಈ ಪಾಟಿ ಹುಲ್ಲು! ಏನು ಹಾಕಿದ್ರಿ ಇದಕ್ಕೆ?

ವರ್ನರ್: ಯೂರಿಯಾ. ಕ್ಲೋವರ್ ಹಳದಿಯಾಗಿತ್ತು ಕಣೋ. ಹೊಟ್ಟೆಗಿಲ್ದೆ ಹಿಂಗಾಗಿದೆ ಅಂತ ಕರುಳು ಚುರ್ ಅಂತು. ಏಪ್ರಿಲಲ್ಲಿ ಧಾರಾಳವಾಗಿ ಹಾಕ್ದೆ.

ಡೆಲ್ಬರ್ಟ್: ಕ್ಲೋವರಿಗೆ ಯೂರಿಯಾನಾ! ಭಾವಾ, ಅದು ಬಟಾಣಿ ಜಾತಿಗೆ ಸೇರಿದ್ದು, ತನಗೆ ಬೇಕಾದ ಸಾರಜನಕ ಗಾಳಿಯಿಂದ ತಾನೇ ಮಾಡ್ಕೊಳತ್ತೆ. ನೀವು ಹಾಕಿದ್ದನ್ನೆಲ್ಲ ಹುಲ್ಲು ತಿಂತು.

ಆರ್ಡಿಸ್: ಅಂದ್ರೆ ಮದುವೆ ಊಟ ಹಾಕ್ಸಿದ್ದು ಕರೀದೆ ಬಂದೋರಿಗೆ.

ವರ್ನರ್: ಅವರೂ ಚೆನ್ನಾಗಿ ತಿಂದು ಬೆಳೆದಿದಾರಲ್ಲ, ಅಷ್ಟಾದ್ರೂ ಪುಣ್ಯ ನಂಗೆ ಬರಲಿ.

ಡೆಲ್ಬರ್ಟ್: ಹಳದಿ ಆಗಿದ್ದು ಹುಳಿ ಮಣ್ಣಿಗೆ. ನಮ್ಮ ಕಡೆ ಮಣ್ಣೆಲ್ಲ ಹುಳಿ. ಮೊದಲ ವರ್ಷವೇ ಸುಣ್ಣ ಹಾಕ್ಬೇಕಿತ್ತು. ಮಣ್ಣು ಪರೀಕ್ಷೆ ಮಾಡ್ಸಿಲ್ವಾ?

ವರ್ನರ್ ಈ ಒಂದು ಪ್ರಶ್ನೆಗೇ ಕಾದಿದ್ದವನಂತೆ ಎದೆಯುಬ್ಬಿಸಿದ. ಜೇಬಿನಿಂದ ಮಡಚಿ ಮಡಚಿ ಸವೆದ ಕಾಗದವೊಂದನ್ನು ತೆಗೆದು ಭಾವಮೈದುನನ ಕೈಗಿಟ್ಟ.

ವರ್ನರ್: ವಿಶ್ವವಿದ್ಯಾಲಯದ್ದು. ಓದು, ಜೋರಾಗಿ ಓದು, ಅವಳಿಗೂ ಕೇಳ್ಲಿ. ಸುಣ್ಣ ಬೇಕಿಲ್ಲ, ಪೊಟ್ಯಾಷ್ ಬೇಕಿಲ್ಲ, ಏನೂ ಬೇಕಿಲ್ಲ ಅಂತ ಬರ್ದಿದಾರೆ. ಇಡೀ ಜಿಲ್ಲೆಯಲ್ಲಿ ಇಂಥ ಮಣ್ಣಿಲ್ಲ.

ಡೆಲ್ಬರ್ಟ್: ಇಡೀ ದೇಶದಲ್ಲೇ ಇರಲ್ಲ ಭಾವಾ. ಈ ಪೊಟ್ಯಾಷ್ ಲೆಕ್ಕ ನೋಡಿದ್ರೆ ಇದು ಮಣ್ಣೇ ಅಲ್ಲ. ಎಲ್ಲಿಂದ ತೆಗೆದ್ರಿ?

ವರ್ನರ್: ಅವರು ಹೇಳಿದ ಹಾಗೇ. ಹದಿನೈದು ಕಡೆ ಅಗೆದು ಬೆರೆಸಿ ಅಂದಿದ್ರು. ಹದಿನೈದು ಸಲ ಅಗೆದೆ.

ಡೆಲ್ಬರ್ಟ್: ಹದಿನೈದು ಕಡೆನಾ, ಹದಿನೈದು ಸಲನಾ?

ವರ್ನರ್: ಮಂಡಿ ನೋಯ್ತಿತ್ತು ಕಣೋ. ಹೊಲದ ತುಂಬ ಅಡ್ಡಾಡೋಕೆ ಆಗ್ಲಿಲ್ಲ. ಅದಕ್ಕೆ ಗೇಟಿನ ಪಕ್ಕ, ಗಾಡಿ ಎಲ್ಲಿವರೆಗೂ ಹೋಗತ್ತೋ ಅಲ್ಲೇ... ಆದ್ರೆ ಹದಿನೈದು ಸಲ, ಎಣಿಸಿ ಅಗೆದಿದೀನಿ.

ಆರ್ಡಿಸ್: ಗೇಟಿನ ಯಾವ ಪಕ್ಕ?

ವರ್ನರ್: ಎಡಗಡೆ ಮೂಲೆ. ಮಣ್ಣು ಅಲ್ಲಿ ಮೆತ್ತಗಿತ್ತು, ಬೂದು ಬಣ್ಣ. ಎಷ್ಟು ನುಣುಪು ಗೊತ್ತಾ!

ಆರ್ಡಿಸ್ ಮೂಟೆಯ ಮೇಲೆ ಕುಸಿದು ಕೂತಳು. ನಗು ತಡೆಯಲಾರದೆ ಕಣ್ಣಲ್ಲಿ ನೀರು ಬಂತು.

ಆರ್ಡಿಸ್: ಅದು ನನ್ನ ಒಲೆ ಬೂದಿ ಕಣೋ! ಮದುವೆಯಾಗಿ ಬಂದ ವರ್ಷದಿಂದ ಪ್ರತಿ ಚಳಿಗಾಲ ಅಲ್ಲೇ ಸುರೀತಾ ಇದೀನಿ. ಆಲೂಗಡ್ಡೆಗೆ ತಾಕಬಾರದು ಅಂತ ಬೇಕಂತಲೇ ಮೂಲೇಲಿ.

ಡೆಲ್ಬರ್ಟ್: ಬೂದೀಲಿ ಇರೋದೇ ಸುಣ್ಣ, ಪೊಟ್ಯಾಷು. ಭಾವಾ, ನೀವು ಅಕ್ಕನ ಒಲೆ ಪರೀಕ್ಷೆ ಮಾಡಿಸಿದೀರ.

ವರ್ನರ್: ಅದಾದ್ರೂ ಪಾಸಾಯ್ತಲ್ಲ!

ಹಾಗೆ ಅಂದನಾದರೂ ವರ್ನರನ ಮುಖ ಸಣ್ಣಗಾಗಿತ್ತು. ಮುಳ್ಳುಗಿಡದ ತಲೆಯಿಂದ ಟೋಪಿ ಬಿಡಿಸಿಕೊಂಡು ಬಂದು ಹೆಂಡತಿಯ ಕೈಗೆ ಕೊಟ್ಟ.

ವರ್ನರ್: ತಗೋ, ನಿನ್ನ ನೆಲ ನಿಂಗೆ. ಒಂದು ಮಾತು ಹೇಳ್ಬಿಡ್ತೀನಿ ಆರ್ಡಿಸ್. ಮೂರು ವರ್ಷದಿಂದ ಮಂಡಿ ಕೆಡ್ತಾ ಬಂತು, ನಂಗೆ ಇನ್ನು ದೊಡ್ಡ ಕಾಡಿಗೆ ನಡೆಯೋಕಾಗಲ್ಲ. ಹೋದ ನವೆಂಬರಲ್ಲಿ ಹಳ್ಳದ ಹತ್ರ ಕೂತೋನು ಏಳೋಕಾಗ್ದೆ, ಡೆಲ್ಬರ್ಟ್ ಬಂದು ಎಬ್ಬಿಸಿದ. ಜಿಂಕೆ ನನ್ನ ಹತ್ರ ಬಂದ್ರೆ ಉಂಟು, ಇಲ್ದಿದ್ರೆ ಇಲ್ಲ. ಈ ಕೊಟ್ಟಿಗೆ ಹಿಂದೆ ಬೇಟೆಗೆ ಕೂರೋ ಅಟ್ಟಣೆ ಒಂದೇ ನಂಗೆ ಉಳಿದಿರೋದು.

ಆರ್ಡಿಸ್: ಇದನ್ನ ಮೂರು ವರ್ಷದ ಹಿಂದೆನೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು?

ವರ್ನರ್: ಹೇಳಿದ್ರೆ ನೀನು ಡಾಕ್ಟರ ಹತ್ರ ಎಳ್ಕೊಂಡು ಹೋಗ್ತಿದ್ದೆ.

ಆರ್ಡಿಸ್: ಹೂಂ, ಈಗಲೂ ಹೋಗ್ತೀನಿ. ಆದ್ರೆ ನನ್ನ ಕಷ್ಟನೂ ಕೇಳು. ಮೂರು ಕ್ರಿಸ್‌ಮಸ್ಸಿಂದ ಅಂಗಡಿ ಆಲೂಗಡ್ಡೇಲಿ ನಮ್ಮಮ್ಮ ಕಲಿಸಿದ ಲೆಫ್ಸೆ ರೊಟ್ಟಿ ಲಟ್ಟಿಸ್ತಾ ಇದೀನಿ. ರೊಟ್ಟಿನಾ ಅದು? ಗೋಂದು! ಚರ್ಚಿನ ಹೆಂಗಸರು ಒಂದು ತಗೊಂಡು, ತುಂಬ ಚೆನ್ನಾಗಿದೆ ಅಂದು, ಎರಡನೇದು ಮುಟ್ಟಲ್ಲ. ನಮ್ಮಮ್ಮನ ಹೆಸರು ಕೆಡಿಸ್ತಾ ಇದೀನಿ ನಾನು.

ವರ್ನರ್ ಹೌದೆಂದು ತಲೆಯಾಡಿಸಿದ. ಆ ಲೆಫ್ಸೆಯನ್ನು ಅವನೂ ತಿಂದಿದ್ದ. ಡೆಲ್ಬರ್ಟ್ ಮೂಟೆಯೊಂದನ್ನು ಹೆಗಲಿಗೇರಿಸಿ ಹೊಲದೊಳಗೆ ನಾಲ್ಕು ಹೆಜ್ಜೆ ಇಟ್ಟವನು ಅಲ್ಲೇ ನಿಂತು ತನ್ನ ಬೂಟು ನೋಡಿಕೊಂಡ.

ಡೆಲ್ಬರ್ಟ್: ಹುಲ್ಲಿನ ಬುಡ ಯಾಕೆ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗಿದೆ?

ವರ್ನರ್: ಅದಾ? ಅದು... ಸುಣ್ಣ.

ಆರ್ಡಿಸ್: ಸುಣ್ಣ? ಬೇಡ ಅಂತ ಕಾಗದ ಇಟ್ಕೊಂಡು ಸುಣ್ಣ ಹಾಕಿದ್ಯಾ?

ವರ್ನರ್: ಗುರುವಾರ ನೀನು ಚರ್ಚಿಗೆ ಕೌದಿ ಹೊಲಿಯೋಕೆ ಹೋಗಿದ್ದೆಯಲ್ಲ, ಆಗ. ಪಕ್ಕದ ಊರಿಂದ ಲಾರಿ ಕರ್ಸಿ ಎರಡು ಟನ್ ಎರಚಿಸಿದೆ. ಓದಿ ತಿಳ್ಕೊಂಡು ಮಾಡಿದ್ದೆಲ್ಲ ಕೆಡ್ತು. ಒಂದು ಸಲ ತಿಳೀದೆ ಮಾಡಿ ನೋಡೋಣ ಅಂತ.

ಡೆಲ್ಬರ್ಟ್ ಮೂಟೆಯನ್ನು ಮೆಲ್ಲಗೆ ಕೆಳಗಿಳಿಸಿದ.

ಡೆಲ್ಬರ್ಟ್: ಅಕ್ಕಾ, ಹೊಸ ಸುಣ್ಣ ಬಿದ್ದ ನೆಲದಲ್ಲಿ ಆಲೂಗಡ್ಡೆ ಹಾಕಿದ್ರೆ ಗೆಡ್ಡೆ ಪೂರ್ತಿ ಕಜ್ಜಿ ಹಿಡಿಯತ್ತೆ. ನಾಲ್ಕೈದು ವರ್ಷ ಇದನ್ನ ಮರೆತುಬಿಡು.

ಆರ್ಡಿಸ್: ಕ್ಲೋವರಿಗೆ?

ಡೆಲ್ಬರ್ಟ್: ಕ್ಲೋವರಿಗೆ ಅಮೃತ. ಹುಲ್ಲು ಬೀಜ ಕಟ್ಟೋಕೆ ಮುಂಚೆ ಮೇಲ್ಮೇಲೆ ಕತ್ತರಿಸ್ಬೇಕು, ಅದನ್ನ ಮಾತ್ರ ಸಾಯಿಸೋ ಔಷಧಿ ನಾನು ಕೊಡ್ತೀನಿ, ಆಮೇಲೆ ರಂಜಕ, ಪೊಟ್ಯಾಷ್ ಅಷ್ಟೇ. ಯೂರಿಯಾ ಚೀಲದ ಹತ್ರ ಭಾವನ್ನ ಬಿಡ್ಬೇಡ.

ತಾನು ಗೆದ್ದೆನೆಂಬುದು ವರ್ನರನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಗೆದ್ದು ಅಭ್ಯಾಸವಿಲ್ಲದ್ದರಿಂದ ಮುಖ ಹೇಗಿಟ್ಟುಕೊಳ್ಳಬೇಕೆಂದು ತಿಳಿಯದೆ ತಲೆ ತಗ್ಗಿಸಿ ನಿಂತ. ಆರ್ಡಿಸ್ ಗುದ್ದಲಿ ಎತ್ತಿಕೊಂಡು ಮನೆಯ ಮುಂದಿನ ಹುಲ್ಲುಹಾಸಿನತ್ತ ನಡೆದಳು. ಗಂಡಸರಿಬ್ಬರೂ ಮೂಟೆಗಳನ್ನು ಹೊತ್ತು, ಒಬ್ಬ ಕುಂಟುತ್ತ, ಹಿಂದೆ ಹೋದರು.

ವರ್ನರ್: ಇಲ್ಲಿನಾ? ಮನೆ ಮುಂದೆನಾ? ರಸ್ತೇಲಿ ಹೋಗೋರು ಏನಂತಾರೆ?

ಆರ್ಡಿಸ್: ಹೊಲ ಜಿಂಕೆಗೆ ಕೊಟ್ಟ, ಅಂಗಳ ಹೆಂಡ್ತಿಗೆ ಬಿಟ್ಟ, ಧರ್ಮಾತ್ಮ ಅಂತಾರೆ. ಡೆಲ್ಬರ್ಟ್, ಇಲ್ಲಿ ಆಗತ್ತಾ ನೋಡು.

ಡೆಲ್ಬರ್ಟ್ ಬಗ್ಗಿ ನೋಡಿ ಬಾಯಿ ತೆರೆದವನು ಮುಚ್ಚಲಿಲ್ಲ.

ಡೆಲ್ಬರ್ಟ್: ಭಾವಾ! ಇಲ್ಲಿ ಅಂಚಿಂದ ಅಂಚಿಗೆ ಕ್ಲೋವರ್! ಎಂಥ ಹಸಿರು! ನೋಡಿ, ಜಿಂಕೆ ಹೆಜ್ಜೆನೂ ಇದೆ! ಏನು ಹಾಕ್ತೀರಿ ಇದಕ್ಕೆ?

ವರ್ನರ್: ಕಳೆನಾಶಕ. ಹನ್ನೆರಡು ವರ್ಷದಿಂದ ಪ್ರತಿ ವಸಂತದಲ್ಲೂ ಹೊಡೀತಾ ಇದೀನಿ. ದರಿದ್ರದ್ದು, ಸಾಯ್ತಾನೇ ಇಲ್ಲ.

ಆರ್ಡಿಸ್: ಗೊತ್ತಾಯ್ತಲ್ಲ? ಹೊಲದಲ್ಲಿರೋದನ್ನ ಸಾಕೋದು ಬಿಡು. ಸಾಯಿಸೋಕೆ ಶುರು ಮಾಡು. ನವೆಂಬರೊಳಗೆ ಕ್ಲೋವರ್ ಬೆಳೆದು ನಿನ್ನ ಅಟ್ಟಣೆ ಮುಟ್ಟತ್ತೆ.